ಎಲ್ಲಾ ನೀರಿಗೂ ಏಳು

ಮಿರಜ ತಾಲೂಕಿನ ಗಡಿಯ ಕಡೆ ಬೋರಿನ ನೀರು ಹೇಗಿರುತ್ತದೆ ಎಂದು ಅಲ್ಲಿ ಸಂಸಾರ ಮಾಡಿದ ಹೆಂಗಸರನ್ನು ಕೇಳಿ. ಹಂಡೆಯೊಳಗೆ ಉಗುರು ಹಾಕಿ ಕೆರೆದರೆ ಬಿಳಿ ಹಕ್ಕಳೆ ಕೈಗೆ ಬರುತ್ತದೆ. ತಲೆಗೆ ಸಾಬೂನು ಹಚ್ಚಿದರೆ ನೊರೆ ಏಳಲು ಮುಹೂರ್ತ ನೋಡುತ್ತದೆ. ಇದೆಲ್ಲ ಕಣ್ಣಿಗೆ ಕಾಣುವ ತಾಪತ್ರಯ. ಬೈದುಕೊಂಡು ಬಾಳಬಹುದು.

ಅದೇ ನೀರಿನಲ್ಲಿ ದ್ರಾಕ್ಷಿ ಬಾಗದ, ಅಂದರೆ ತೋಟದ, ಔಷಧ ಕಲಸಿದರೆ ಆಗುವ ತಾಪತ್ರಯ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಒಂದು ಅಂಕಿ ಇದೆ, ಅದಕ್ಕೆ ಪಿಎಚ್ ಎನ್ನುತ್ತಾರೆ. ಏಳು ಎಂದರೆ ಸರಿ ನಡುವೆ. ಅಲ್ಲಿಂದ ಕೆಳಗಿಳಿದರೆ ಹುಣಸೆಹಣ್ಣಿನ ಕಡೆ, ಮೇಲೇರಿದರೆ ಸಾಬೂನಿನ ಕಡೆ. ನೀರು ಎಂಟೂವರೆ ಇದ್ದರೆ ಕೆಲವು ಔಷಧಗಳು ಡ್ರಮ್ಮಿನಲ್ಲಿರುವಾಗಲೇ ಸತ್ವ ಕಳೆದುಕೊಳ್ಳಲು ಶುರುಮಾಡುತ್ತವೆ. ರೈತ ಮಾತ್ರ ಔಷಧ ಹೊಡೆದಾಯಿತೆಂದು ನೆಮ್ಮದಿಯಿಂದ ಮನೆಗೆ ಹೋಗಿ ಉಣ್ಣುತ್ತಾನೆ.

ಸಲಗರೆ ಊರಿನ ಸುಮನಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವಳ ಕೈಯಲ್ಲೇ ತಪ್ಪಾಯಿತು. ಅದಕ್ಕೇ ಈ ಕಥೆಯನ್ನು ಹೇಳಬೇಕಾಗಿದೆ.

ಸುಮನ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವಳು. ಮೋಟರ್ ಸ್ಟಾರ್ಟರಿನೊಳಗೆ ಕೂರುವ ಬೋರ್ಡುಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಹತ್ತು ವರ್ಷದಿಂದ ಅದೇ ಕೆಲಸ, ಕೈ ಪಳಗಿತ್ತು. ಗಂಡ ರೇವಣಸಿದ್ಧ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು, ಮಳೆ ನಿಂತ ಮೇಲೆ ಮನೆಗೆ ಬರುವುದೇ ಕಡಿಮೆ. ಮನೆಯಲ್ಲಿ ಅವಳು ಮತ್ತು ಅತ್ತೆ ಮಾಯವ್ವ. ಮಾಯವ್ವ ದ್ರಾಕ್ಷಿ ಬಾಗಗಳಿಗೆ ಕೂಲಿಗೆ ಹೋಗುತ್ತಿದ್ದಳು. ಇಬ್ಬರೂ ಊರಿನ ಬಚತ ಗಟದ, ಅಂದರೆ ಉಳಿತಾಯ ಸಂಘದ ಸದಸ್ಯರು.

ಊರಿನ ಬಾಗಗಳಿಗೆ ಒಂದು ಪಿಎಚ್ ಮೀಟರ್ ಇದ್ದರೆ ಚಲೋ ಎಂದು ಸಂಘದಲ್ಲಿ ಮಾತು ಬಂತು. ಅಂಗಡಿಯ ಮೀಟರಿನ ಬೆಲೆ ಕೇಳಿ ಎಲ್ಲರೂ ಸುಮ್ಮನಾದರು. ಸುಮನ ಮಾತ್ರ ಸುಮ್ಮನಾಗಲಿಲ್ಲ. ವರ್ಕ್‌ಶಾಪಿನ ಮೇಲ್ವಿಚಾರಕಿ ಕಾಂಚನಳ ಹತ್ತಿರ ಹೋದಳು. ಕಾಂಚನ ಮಿರಜದವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅವ್ವನ ಕನ್ನಡ ಕೇಳಿ ಬೆಳೆದಿದ್ದರೂ ಅವಳ ಮಾತಿನಲ್ಲಿ ಅರ್ಧ ಮರಾಠಿ.

"ನೀರಾಗ ಅದ್ದೋ ಗಾಜಿನ ಕಡ್ಡಿ ಪೇಟ್ಯಾಗ ಸಿಗತೈತಿ, ಅದನ್ನ ತರಸೋಣು," ಎಂದಳು ಕಾಂಚನ. "ಮಹಾಗ, ತುಟ್ಟಿ ಇರೋದು ಅಂಕಿ ತೋರಸೋ ಡಬ್ಬಿ. ಅದನ್ನ ನಾವ ಮಾಡೋಣು."

"ನಾವ ಮಾಡಾಕ ಬರತೈತೇನ್ರಿ ಅಕ್ಕಾ?"

"ಬರತೈತಿ. ಖರೆ, ಒಂದ ಮಾತ ತಲ್ಯಾಗ ಇಟ್ಕೋ. ಈ ಕಡ್ಡಿ ಮಾತಾಡತೈತಿ, ಆದರ ಬಾಳ ಸಣ್ಣ ದನಿ. ಮಿರಜ ಸ್ಟೇಷನ್‌ದಾಗ ಗಾಡಿ ಬಂದಾಗ ಪಿಸುಗುಟ್ಟಿದಂಗ. ಅದರ ಮಾತ ಕೇಳಿ, ಗಟ್ಟಿ ಮಾಡಿ, ಅಂಕಿ ಮಾಡಿ ತೋರಸೋದು ನಮ್ಮ ಬೋರ್ಡಿನ ಕೆಲಸ. ನಡುವ ಒಂಚೂರು ಧೂಳಾಗಲಿ, ಪಸಿ ಆಗಲಿ, ಬೆರಳಿನ ಜಿಡ್ಡಾಗಲಿ ಬಿತ್ತಂದ್ರ ಆ ಮಾತು ಅಲ್ಲೇ ಸೋರಿ ಹೋಗತೈತಿ."

ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಮಾಡಿದರು. ಕಡ್ಡಿಯ ಸಣ್ಣ ದನಿಯನ್ನು ಕೆಡಿಸದೆ ಕೇಳಬಲ್ಲ ಒಂದು ಎಲೆಕ್ಟ್ರಾನಿಕ್ ಚಿಪ್ ತಂದರು. ಅದರ ಒಂದು ಕಾಲನ್ನು ಬೋರ್ಡಿಗೆ ತಾಗಿಸದೆ ಗಾಳಿಯಲ್ಲಿ ಎತ್ತಿ, ಕಡ್ಡಿಯಿಂದ ಬರುವ ತಂತಿಯನ್ನು ನೇರ ಅಲ್ಲಿಗೇ ಬೆಸೆದರು. ಬೋರ್ಡಿನ ಮೇಲೆ ಉಳಿದ ಬೆಸುಗೆಯ ಅಂಟನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಸ್ಪಿರಿಟ್ ಹಚ್ಚಿ ತಿಕ್ಕಿದರು, ಒಣಗಿಸಿದರು, ಮತ್ತೆ ತಿಕ್ಕಿದರು. ಎಲ್ಲವನ್ನೂ ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ ಕೂರಿಸಿದರು. ಡಬ್ಬಿಯ ಪಕ್ಕದಲ್ಲಿ ಒಂದು ಸಾಕೆಟ್. ಕಡ್ಡಿಯ ವಾಯರನ್ನು ಅದಕ್ಕೆ ಸಿಕ್ಕಿಸಿ ತಿರುವಿದರೆ ಮೀಟರ್ ತಯಾರು. ಅಂಗಡಿಯದಕ್ಕೆ ಹೋಲಿಸಿದರೆ ಸಂಘಕ್ಕೆ ಖರ್ಚು ಕಾಲುಭಾಗವೂ ಆಗಲಿಲ್ಲ.

ಕೊನೆಗೆ ಕಾಂಚನ ಎರಡು ಬಾಟಲಿ ಕೊಟ್ಟಳು. ಒಂದರ ಮೇಲೆ ಏಳು ಎಂದು ಬರೆದಿತ್ತು, ಇನ್ನೊಂದರ ಮೇಲೆ ನಾಲ್ಕು. ಅಳತೆ ಮೊದಲೇ ಗೊತ್ತಿರುವ ದ್ರಾವಣಗಳು ಅವು.

"ದಿನಾ ಮುಂಜಾನೆ ಮೊದಲ ಮೀಟರ್ ತಪಾಸಣಿ, ಆಮ್ಯಾಲ ನೀರಿನ ತಪಾಸಣಿ. ಏಳರಾಗ ಅದ್ದಿದ್ರ ಏಳ ತೋರಸಬೇಕು, ನಾಕರಾಗ ಅದ್ದಿದ್ರ ನಾಕ ತೋರಸಬೇಕು. ಎರಡೂ ಸರಿ ಬಂದ್ರ ವಹ್ಯಾಗ ಎರಡ ಟಿಕ್ ಹಾಕು. ಒಂದ ಬಾಟಲಿ ಸಾಲಂಗಿಲ್ಲ ಮತ್ತ. ಎರಡೂ."

"ಆತ್ರಿ ಅಕ್ಕಾ," ಎಂದಳು ಸುಮನ. ಆ ದಿನ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಸಂಘದ ಕಟ್ಟೆಯ ಮೇಲೆ ಮೀಟರ್ ತೋರಿಸಿದ ದಿನ ಅರ್ಧ ಊರು ಸೇರಿತ್ತು. ದಾದಾಸಾಬ ಕಾಕಾ ಕೂಡ ಬಂದಿದ್ದರು. ನಲವತ್ತು ವರ್ಷ ದ್ರಾಕ್ಷಿ ಬೆಳೆದವರು, ಮಾಯವ್ವ ಕೂಲಿಗೆ ಹೋಗುವುದು ಅವರ ಬಾಗಕ್ಕೇ. ನೀರನ್ನು ಬಾಯಲ್ಲಿ ಹಾಕಿ ಮುಕ್ಕಳಿಸಿ ಉಗುಳಿ ಇದು ಹೀಗೆ, ಅದು ಹಾಗೆ ಎಂದು ಹೇಳುವ ಅಭ್ಯಾಸ ಅವರದು.

"ಟಿಫಿನ್ ಡಬ್ಬಿ ನೀರಿನ ಗುಣಾ ಹೇಳತೈತೇನವಾ?" ಎಂದರು ಅವರು. "ನನಗ ಬಾಯಾಗ ಹಾಕ್ಕೊಂಡ್ರ ಗೊತ್ತಾಗತೈತಿ."

"ಬಾಯಿಗೆ ಗೊತ್ತಾಗಂಗಿಲ್ರಿ ಕಾಕಾ. ನಿಮ್ಮ ನಾಲಿಗಿ ಹಳೇದಾಗೇತಿ. ಇದು ಖರೇ ಹೇಳತೈತಿ," ಎಂದಳು ಸುಮನ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸುಮನಳೂ ನಕ್ಕಳು. ಕಾಕಾ ಟೋಪಿ ಸರಿಮಾಡಿಕೊಂಡು ತಾವೂ ಸ್ವಲ್ಪ ನಕ್ಕರು. ಅವರ ಬೋರಿನ ನೀರು ಎಂಟು ಪಾಯಿಂಟ್ ಆರು ತೋರಿಸಿತು. ಸುಮನ ಹೇಳಿದಷ್ಟು ಸಿಟ್ರಿಕ್ ಪುಡಿ, ಅಂದರೆ ನಿಂಬೆಹುಳಿಯ ಪುಡಿ, ಹಾಕಿದ ಮೇಲೆ ಔಷಧಕ್ಕೆ ಬೇಕಾದ ಆರೂವರೆಗೆ ಇಳಿಯಿತು. ಆ ಮೇಲೆ ಕಾಕಾ ಪ್ರತಿ ಸಲ ಔಷಧ ಕಲಸುವ ಮೊದಲು ಅವಳನ್ನು ಕರೆಯುತ್ತಿದ್ದರು. ಅವಳು ಕುಪವಾಡದ ಬಸ್ಸು ಹಿಡಿಯುವ ಮೊದಲು ಬಾಗಕ್ಕೆ ಹೋಗಿ ಕಡ್ಡಿ ಅದ್ದಿ ಅಂಕಿ ಹೇಳಿ ಬರುತ್ತಿದ್ದಳು. ಆಚೆ ಕಡೆಯ ಇನ್ನೆರಡು ಬಾಗದವರೂ ಕರೆದರು. ಜನ ಅವಳನ್ನು ನೀರಿನ ಡಾಕ್ಟರ್ ಎನ್ನತೊಡಗಿದರು. ಬೇಡ ಎನ್ನುತ್ತಲೇ ಅವಳು ಹಿಗ್ಗುತ್ತಿದ್ದಳು.

ದಸರೆಗೆ ನಾಲ್ಕು ದಿನ ಇರುವಾಗ ನಾಲ್ಕರ ಬಾಟಲಿ ಅವಳ ಕೈಜಾರಿ ಬಿತ್ತು. ಮುಚ್ಚಳ ಸಡಿಲವಿತ್ತು, ಎಲ್ಲ ಮಣ್ಣು ಪಾಲು. ದೊಡ್ಡ ವಿಷಯವೇನಲ್ಲ. ಕಾಂಚನಳಿಗೆ ಹೇಳಿದ್ದರೆ ಇನ್ನೊಂದು ಕೊಡುತ್ತಿದ್ದಳು. ಆದರೆ ಸಂಘದ ದುಡ್ಡಿನ ಬಾಟಲಿ, ನೀರಿನ ಡಾಕ್ಟರ್ ಕೈಯಲ್ಲೇ ಚೆಲ್ಲಿತು ಎಂದು ಹೇಗೆ ಹೇಳುವುದು? ಸುಮನಳಿಗೆ ನಾಚಿಕೆಯಾಯಿತು. ಖಾಲಿ ಬಾಟಲಿಯನ್ನು ಚೀಲದೊಳಗೆ ಇಟ್ಟಳು. ಮರುದಿನ ಏಳರ ಬಾಟಲಿಯಲ್ಲಿ ಮಾತ್ರ ಅದ್ದಿದಳು, ಏಳು ಬಂತು. ವಹಿಯಲ್ಲಿ ಎರಡು ಟಿಕ್ ಹಾಕಿದಳು.

ಮೊದಲ ದಿನ ಎರಡನೇ ಟಿಕ್ ಹಾಕುವಾಗ ಕೈ ತಡೆಯಿತು. ಮೂರನೇ ದಿನ ತಡೆಯಲಿಲ್ಲ.

ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಮಾಯವ್ವ ಮನೆಯ ಎಲ್ಲ ಆಯುಧಗಳನ್ನು ದೇವರ ಮುಂದೆ ಸಾಲಾಗಿ ಇಟ್ಟಳು. ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಕಳೆ ಕೀಳುವ ಕುರುಪಿ, ಸುಮನಳ ಬೆಸುಗೆ ಕಡ್ಡಿ. ಕುರುಬರ ಮನೆಯಲ್ಲಿ ಭಂಡಾರ, ಅಂದರೆ ದೇವರ ಅರಿಸಿನ, ಹಚ್ಚದ ಆಯುಧಕ್ಕೆ ಬಲ ಎಲ್ಲಿಯದು?

"ನಿನ್ನ ಮಸೀನನೂ ತಾರವಾ," ಎಂದಳು ಮಾಯವ್ವ. "ಅದಕ್ಕೂ ದೇವರ ಆಶೀರ್ವಾದ ಬೇಕು."

ಸುಮನ ತಂದಳು. ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ ಚೆಂದ ಕಾಣಲಿ ಎಂದು ವಾಯರನ್ನು ತಾನೇ ಬಿಚ್ಚಿಟ್ಟಳು. ಮಾಯವ್ವ ಭಕ್ತಿಯಿಂದ ಕೈತುಂಬ ಭಂಡಾರ ತೂರಿದಳು, ಮೇಲೆ ತೀರ್ಥ ಚಿಮುಕಿಸಿದಳು. ಅರಿಸಿನದ ಪುಡಿ ಡಬ್ಬಿಯ ಮೇಲೆಲ್ಲ ಬಿತ್ತು, ತೆರೆದಿದ್ದ ಸಾಕೆಟ್ಟಿನೊಳಗೂ ಬಿತ್ತು. ಮರುದಿನ ಸುಮನ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಕೈಮುಗಿದು, ವಾಯರ್ ಸಿಕ್ಕಿಸಿದಳು. ಏಳರ ಬಾಟಲಿಯಲ್ಲಿ ಅದ್ದಿದಳು. ಏಳು. ಎರಡು ಟಿಕ್.

ಆ ದಿನ ಕಾಕಾನ ಬೋರಿನ ನೀರೂ ಏಳು ತೋರಿಸಿತು.

"ಹೌದೇನವಾ?" ಎಂದರು ಕಾಕಾ. "ಹೋದ ವಾರ ಎಂಟರ ಮ್ಯಾಲಿತ್ತು."

ಸುಮನ ಒಂದು ಕ್ಷಣ ಯೋಚಿಸಿದಳು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಹೆಸರು ಬಂದವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ.

"ಈ ಸಲ ಮಳಿ ಚಲೋ ಆಗೇತಲ್ರಿ ಕಾಕಾ. ಬೋರಿನಾಗ ಹೊಸಾ ನೀರ ಬಂದೈತಿ. ಸಿಟ್ರಿಕ್ ಹಾಕೋದ ಬ್ಯಾಡ್ರಿ ಈಗ."

ಕಾಕಾ ಏನೋ ಕೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಆಚೆ ಬಾಗದ ನೀರೂ ಏಳು, ಅದರಾಚೆಯದೂ ಏಳು. ಎಲ್ಲರೂ ಸಿಟ್ರಿಕ್ ಬಿಟ್ಟರು. ನೀರು ಸುಧಾರಿಸಿತಲ್ಲ ಎಂದು ಎಲ್ಲರಿಗೂ ಸಂತೋಷ. ಒಳ್ಳೆಯ ಸುದ್ದಿಯನ್ನು ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಳ್ಳುವವರು ಯಾರಿದ್ದಾರೆ ಹೇಳಿ?

ಹೀಗೇ ಮೂರು ವಾರ ಹೋಯಿತು. ಬೆಳಗಿನ ಇಬ್ಬನಿ ಶುರುವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ದಾದಾಸಾಬ ಕಾಕಾ ಸುಮನಳ ಮನೆ ಬಾಗಿಲಿಗೆ ಬಂದರು. ಕರವಸ್ತ್ರ ಬಿಚ್ಚಿ ಕಟ್ಟೆಯ ಮೇಲೆ ಒಂದು ಎಳೆ ಗೊಂಚಲು ಇಟ್ಟರು. ಹೂ ಕಂದಿ ಕಪ್ಪಾಗಿತ್ತು, ದೇಟಿನ ಮೇಲೆ ಬಿಳಿ ಬೂಷ್ಟು.

"ಡೌನಿ ರೋಗ ಬಿದ್ದೈತಿ," ಎಂದರು. "ಮೂರ ಸಲ ಔಷಧ ಹೊಡದೀನಿ. ಹತ್ತಿಲ್ಲ."

ಸುಮನ ಗೊಂಚಲನ್ನು ಬೆರಳಿನಿಂದ ಸರಿಸಿ ನೋಡಿದಳು. "ಇಬ್ಬನಿ ಬಾಳ ಬೀಳಾಕತ್ತೇತಲ್ರಿ ಕಾಕಾ."

"ಬೀಳತೈತಿ. ವರ್ಷಾ ಬೀಳತೈತಿ." ಕಾಕಾ ಗೊಂಚಲನ್ನೇ ನೋಡುತ್ತಿದ್ದರು. "ಮಂಗಳವಾರ ಮುಂಜಾನೆ ಮತ್ತ ಹೊಡೀತೇನಿ. ಆಚೆ ಬಾಗದವರೂ ಅವತ್ತ ಹೊಡೀತಾರ. ಈ ಸಲ ಹತ್ತಲಿಲ್ಲ ಅಂದ್ರ ಉಳದದ್ದೂ ಹೋಗತೈತಿ. ಬರ್ತೀಯಲ್ಲ ನೀರ ನೋಡಾಕ?"

"ಬರ್ತೇನ್ರಿ," ಎಂದಳು ಸುಮನ.

ಅವರು ಹೋದ ಮೇಲೆ ಗೊಂಚಲು ಕಟ್ಟೆಯ ಮೇಲೆಯೇ ಉಳಿಯಿತು. ಒಳಗೆ ಮಾಯವ್ವ ಸಾರಿಗೆ ಹುಣಸೆಹಣ್ಣು ಕಿವುಚಿಟ್ಟಿದ್ದಳು. ಸುಮನಳ ಕಣ್ಣು ಆ ಬಟ್ಟಲಿನ ಮೇಲೆ ಬಿತ್ತು. ಆಮೇಲೆ ಮೀಟರ್ ತಂದು ಹುಣಸೆ ನೀರನ್ನು ಒಂದು ಗ್ಲಾಸಿಗೆ ಹಾಕಿ ಕಡ್ಡಿ ಅದ್ದಿದಳು.

ಆರು ಪಾಯಿಂಟ್ ಒಂಬತ್ತು ಬಂತು. ಸ್ವಲ್ಪ ಹೊತ್ತಿಗೆ ಅದೂ ಏಳಾಯಿತು.

ಹಲ್ಲು ಚಳಿಯುವಷ್ಟು ಹುಳಿ ನೀರು, ಮೀಟರ್ ಏಳು ಎನ್ನುತ್ತಿದೆ. ಬಟ್ಟೆ ಸೋಡಾ ಕಲಸಿ ಅದ್ದಿದಳು, ಏಳು. ಸುಮನ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯಾರೂ ನೋಡುತ್ತಿರಲಿಲ್ಲ, ಆದರೂ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂರು ವಾರ ಊರಿಗೆಲ್ಲ ಸುಳ್ಳು ಹೇಳಿಕೊಂಡು ಓಡಾಡಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು.

ಸೋಮವಾರ ಕುಪವಾಡದಲ್ಲಿ ಕಾಂಚನಳ ಮೇಜಿನ ಮೇಲೆ ಡಬ್ಬಿ ಇಟ್ಟು, "ಇದು ಎಲ್ಲಾ ನೀರಿಗೂ ಏಳ ತೋರಸಾಕತ್ತೇತ್ರಿ," ಎಂದಳು. ಮುಖ ಎತ್ತಲಿಲ್ಲ.

ಕಾಂಚನ ವಾಯರ್ ಬಿಚ್ಚಿ ಸಾಕೆಟ್ಟಿನೊಳಗೆ ಬೆಳಕು ಹಿಡಿದಳು. "ಹೆ ಬಘ! ನೋಡಿಲ್ಲೆ. ಹಳದಿ."

ಸಾಕೆಟ್ಟಿನ ಒಳಗೋಡೆಗೆ ಅರಿಸಿನ ಕೆಸರಾಗಿ ಮೆತ್ತಿಕೊಂಡಿತ್ತು.

"ನಮ್ಮ ಅತ್ತಿ ಭಂಡಾರ ಹಾಕ್ಯಾರ್ರಿ," ಎಂದಳು ಸುಮನ ಅವಸರದಿಂದ. "ಖಂಡೇನವಮಿಗೆ. ಅವರಿಗೇನ ಗೊತ್ತಾಗತೈತಿ ಪಾಪ."

"ಹಾಕಲಿ. ಪೂಜಿ ಮಾಡೋದು ತಪ್ಪಲ್ಲ." ಕಾಂಚನ ಸ್ಪಿರಿಟ್ ತಗೊಂಡಳು. "ಕಡ್ಡಿ ಮಾತು ಈ ಪಸಿ ಅರಿಸಿಣದಾಗ ಸೋರಿ ಹೋಗೇತಿ. ಬೋರ್ಡಿಗೆ ಏನೂ ಕೇಳಂಗಿಲ್ಲ. ಏನೂ ಕೇಳದಿದ್ರ ಅದು ಏಳ ತೋರಸತೈತಿ. ತಿಳೀತೇನ? ಈ ಮೀಟರಿಗೆ ಏಳ ಅಂದ್ರ ಚಲೋ ನೀರು ಅಂತನೂ ಆಗತೈತಿ, ಕಡ್ಡಿ ಸುಮ್ಮಕಾಗೇತಿ ಅಂತನೂ ಆಗತೈತಿ. ಅದಕ್ಕ ನಾಕರ ಬಾಟಲಿ ಕೊಟ್ಟಿದ್ದೆ. ನಾಕರಾಗ ಅದ್ದಿದ್ರ ಒಂದ ದಿನದಾಗ ಗೊತ್ತಾಗತಿತ್ತು. ವಹಿ ತಾ."

ಸುಮನ ವಹಿ ಕೊಟ್ಟಳು. ಕಾಂಚನ ಪುಟ ತಿರುವಿದಳು. ದಿನಕ್ಕೆ ಎರಡು ಟಿಕ್. ಒಂದು ದಿನವೂ ತಪ್ಪಿಲ್ಲ. ಮೂರು ವಾರದ ಟಿಕ್ಕುಗಳು ಮುತ್ತು ಪೋಣಿಸಿದ ಹಾಗೆ ಅಂದವಾಗಿ ನಿಂತಿದ್ದವು.

"ನಾಕರಾಗ ಅದ್ದೀಯೇನ?"

ಸುಮನ ಚೀಲದಿಂದ ಖಾಲಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಬಾಟಲಿ ಚೆಲ್ಲಿತ್ರಿ. ಹೇಳಾಕ ನಾಚಿಕಿ ಆತು."

ಕಾಂಚನ ಬೈಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಕಾಂಚನ ಸಾಕೆಟ್ಟನ್ನು ಸ್ಪಿರಿಟ್ಟಿನಿಂದ ಮೂರು ಸಲ ತೊಳೆದಳು, ಬಿಸಿ ಗಾಳಿ ಹಿಡಿದು ಒಣಗಿಸಿದಳು. ಏಳರಲ್ಲಿ ಅದ್ದಿದಳು, ಏಳು. ಹೊಸ ನಾಲ್ಕರ ಬಾಟಲಿಯಲ್ಲಿ ಅದ್ದಿದಳು, ನಾಲ್ಕು. ಡಬ್ಬಿಯನ್ನೂ ಬಾಟಲಿಯನ್ನೂ ಸುಮನಳ ಕಡೆ ಸರಿಸಿ ವಹಿಯ ಮೇಲೆ ಬೆರಳಿಟ್ಟಳು.

"ಮೀಟರ್ ನಾ ದುರಸ್ತ ಮಾಡೀನಿ. ಇದನ್ನ ದುರಸ್ತ ಮಾಡಾಕ ನನಗ ಬರಂಗಿಲ್ಲ."

ಮಿರಜದಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸುಮನ ಲೆಕ್ಕ ಹಾಕಿದಳು. ಮೀಟರ್ ಸರಿಯಾಗಿದೆ. ನಾಳೆ ಹೋಗಿ ಅದ್ದಿದರೆ ಎಂಟೂವರೆ ತೋರಿಸುತ್ತದೆ. ನೀರು ಮತ್ತೆ ಬದಲಾಗಿದೆ ಕಾಕಾ, ಸಿಟ್ರಿಕ್ ಹಾಕಿ ಎಂದರೆ ಮುಗಿಯಿತು. ಔಷಧ ಹತ್ತುತ್ತದೆ, ಹೆಸರೂ ಉಳಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ? ದಾರಿಯಲ್ಲಿ ಲಿಂಗನೂರು ದಾಟುವವರೆಗೂ ಅವಳು ಹಾಗೇ ಮಾಡುವುದೆಂದು ನಿಶ್ಚಯಿಸಿದ್ದಳು. ಆದರೆ ಮನೆಗೆ ಬಂದಾಗ ಬಾಡಿದ ಗೊಂಚಲು ಕಟ್ಟೆಯ ಮೇಲೆಯೇ ಇತ್ತು. ಮಾಯವ್ವ ಅದನ್ನು ಎಸೆದಿರಲಿಲ್ಲ. ಆ ರಾತ್ರಿ ಸುಮನಳಿಗೆ ಊಟ ಸೇರಲಿಲ್ಲ.

ಮಂಗಳವಾರ ಬೆಳಗ್ಗೆ ಕಾಕಾನ ಬಾಗದಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ನೀರಿನ ಡ್ರಮ್ಮು ತುಂಬಿತ್ತು. ಕೂಲಿಯ ಹೆಂಗಸರು ಒಂದು ಕಡೆ ಕೂತಿದ್ದರು, ಅವರಲ್ಲಿ ಮಾಯವ್ವನೂ ಇದ್ದಳು. ಕಾಕಾ ಔಷಧದ ಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು, "ಬಾರವಾ ಡಾಕ್ಟರ್," ಎಂದರು.

ಆ ಮಾತು ಸುಮನಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಕಾಕಾ, ಔಷಧ ಕಲಸಬ್ಯಾಡ್ರಿ. ಮೊದಲ ನನ್ನ ಮಾತ ಕೇಳ್ರಿ." ಸುಮನ ವಹಿ ಹೊರತೆಗೆದಳು. "ಮೂರ ವಾರ ನಾ ಹೇಳಿದ ಅಂಕಿ ಸುಳ್ಳ್ರಿ. ಮೀಟರ್ ಕೆಟ್ಟಿತ್ತು. ನಿಮ್ಮ ನೀರ ಬದಲಾಗಿರಲಿಲ್ಲ."

ಹೆಂಗಸರೆಲ್ಲ ತಿರುಗಿ ಅವಳನ್ನು ನೋಡಿದರು.

"ಅತ್ತಿ..." ಎಂದು ಸುಮನ ಶುರುಮಾಡಿದಳು. ಮಾಯವ್ವನ ಮುಖ ಕಂಡಿತು. ಆ ಮಾತನ್ನು ಅಲ್ಲೇ ಬಿಟ್ಟಳು. "ನಾ ದಿನಾ ಎರಡ ಬಾಟಲಿ ಒಳಗ ಮೀಟರ್ ತಪಾಸಣಿ ಮಾಡಬೇಕಿತ್ತು. ಒಂದ ಬಾಟಲಿ ನನ್ನ ಕೈಯಾಗ ಚೆಲ್ಲಿತು. ಹೇಳಲಿಲ್ಲ. ತಪಾಸಣಿ ಮಾಡದ ಟಿಕ್ ಹಾಕೀನಿ. ನಿಮ್ಮ ಗೊಂಚಲ ಹಾಳಾಗಿದ್ದಕ್ಕ ಇಬ್ಬನಿ ಅಷ್ಟ ಕಾರಣ ಅಲ್ರಿ. ನಾನೂ ಕಾರಣ."

ಮಾಯವ್ವ ಎದ್ದು ಬಂದಳು. "ಏನ ಕೆಟ್ಟಿತ್ತು ಅದಕ್ಕ?"

"ಸಾಕೆಟ್ಟಿನಾಗ ಪಸಿ ಪುಡಿ ಹೊಕ್ಕಿತ್ರಿ ಅತ್ತಿ."

ಮುದುಕಿ ದಡ್ಡಿಯಲ್ಲ. ಸೊಸೆಯ ಮುಖ ನೋಡಿದಳು, ಡಬ್ಬಿ ನೋಡಿದಳು. "ಪುಡಿ ನಾ ಹಾಕಿದ ಭಂಡಾರ," ಎಂದಳು ಎಲ್ಲರಿಗೂ ಕೇಳುವಂತೆ. "ನನ್ನಿಂದ ಆಗೇತಿ. ಮುಂದಿನ ಸಲ ಬಾಯಿ ಮುಚ್ಚಿದ ಡಬ್ಬಿಗೆ ಹೊರಗ ಹಚ್ತೇನಿ. ದೇವರೇನು ತೂತಿನೊಳಗ ಹಾಕಂತ ಕೇಳಿಲ್ಲ."

ಯಾರೂ ನಗಲಿಲ್ಲ. ಎಲ್ಲರೂ ಕಾಕಾನನ್ನು ನೋಡುತ್ತಿದ್ದರು. ಅವರು ಔಷಧದ ಪೊಟ್ಟಣವನ್ನು ನೆಲಕ್ಕಿಟ್ಟು, ಕೈ ಚಾಚಿ ವಹಿ ಇಸಿದುಕೊಂಡರು. ಟಿಕ್ಕುಗಳನ್ನು ಒಂದೊಂದಾಗಿ ನೋಡಿದರು. ಸುಮನಳಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ನನಗ ಸಂಶೇ ಬಂದಿತ್ತು," ಎಂದರು ಕಾಕಾ ಮೆಲ್ಲಗೆ. "ಎಲ್ಲಾ ಬೋರಿನ ನೀರು ಒಂದ ದಿನದಾಗ ಏಳ ಹೆಂಗ ಆಗತೈತಿ ಅಂತ. ಕೇಳಬೇಕಂತ ಬಾಯಿಗೂ ಬಂದಿತ್ತು."

"ಯಾಕ ಕೇಳಲಿಲ್ರಿ ಕಾಕಾ?"

ಕಾಕಾ ಅವಳ ಮುಖ ನೋಡಲಿಲ್ಲ. "ಅವತ್ತ ಕಟ್ಟಿ ಮ್ಯಾಲ ನನ್ನ ನಾಲಿಗಿ ಹಳೇದಾತು ಅಂದಿ. ಎಲ್ಲಾರೂ ನಕ್ಕರು. ಮತ್ತ ನಗಸ್ಕೋಳಾಕ ನನಗ ನಾಚಿಕಿ ಆತವಾ."

ಸುಮನ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಅತ್ತಳು. ಬಾಟಲಿ ಚೆಲ್ಲಿದ್ದಕ್ಕಿಂತ, ಟಿಕ್ ಹಾಕಿದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ನಾಚಿಸಿತು. ತಪ್ಪನ್ನು ಹಿಡಿಯಬಹುದಾಗಿದ್ದ ಒಬ್ಬನೇ ಮನುಷ್ಯನ ಬಾಯನ್ನು ಅವಳೇ ಮುಚ್ಚಿಸಿದ್ದಳು, ಅದೂ ನಗುನಗುತ್ತ.

"ತಪ್ಪಾತ್ರಿ ಕಾಕಾ."

"ಅಳಬ್ಯಾಡ. ಬಿಸಿಲ ಏರತೈತಿ." ಕಾಕಾ ವಹಿ ತಿರುಗಿ ಕೊಟ್ಟರು. "ಮೊದಲ ಆ ಎರಡ ಬಾಟಲಿ ಒಳಗ ಅದ್ದು. ನನ್ನ ಕಣ್ಣ ಮುಂದ."

ಏಳರಲ್ಲಿ ಅದ್ದಿದಳು, ಏಳು. ಶುದ್ಧ ನೀರಿನಲ್ಲಿ ತೊಳೆದು ನಾಲ್ಕರಲ್ಲಿ ಅದ್ದಿದಳು, ನಾಲ್ಕು. ಕಾಕಾ ಬಗ್ಗಿ ಎರಡನ್ನೂ ಓದಿದರು. ಆಮೇಲೆ ಡ್ರಮ್ಮಿನ ನೀರು. ಎಂಟು ಪಾಯಿಂಟ್ ಐದು. ಸಿಟ್ರಿಕ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸುತ್ತ, ನಡುನಡುವೆ ಅದ್ದುತ್ತ, ಆರೂವರೆಗೆ ಇಳಿಸಿದರು. ಕಾಕಾ ಪೊಟ್ಟಣ ಒಡೆದು ಔಷಧ ಕಲಸಿದರು.

"ಇವತ್ತ ಹತ್ತಬಹುದು," ಎಂದರು. "ಹೋದ ಗೊಂಚಲ ತಿರುಗಿ ಬರಂಗಿಲ್ಲ. ಉಳದದ್ದ ಉಳದೀತು." ಆಮೇಲೆ ಆಚೆ ಕಡೆ ಕೈ ತೋರಿಸಿದರು. ಅಲ್ಲಿಯ ಎರಡು ಬಾಗಗಳಲ್ಲೂ ಟ್ರ್ಯಾಕ್ಟರುಗಳು ನಿಂತಿದ್ದವು. "ಅವರಿಗೆ ಗೊತ್ತಿಲ್ಲ. ನೀ ಹೋಗಿ ಹೇಳು."

"ನೀವೂ ಬರ್ರಿ ಕಾಕಾ. ನಾ ಒಬ್ಬಾಕಿ..."

"ಊಂಹೂಂ. ನೀನ ಹೇಳಬೇಕು. ನಡಿ, ಲಗೂ."

ಸುಮನ ಮೀಟರನ್ನು ಎದೆಗವಚಿಕೊಂಡು ಬದುವಿನ ಮೇಲೆ ಓಡಿದಳು. ಆಚೆಯ ಬಾಗದವರು ಬೈದರು, ಚೆನ್ನಾಗಿಯೇ ಬೈದರು. ಅದರಾಚೆಯವರು ಅವಳ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಆದರೆ ಆ ಬೆಳಿಗ್ಗೆ ಮೂರೂ ಬಾಗಗಳಲ್ಲಿ ಯಾರೂ ಎಂಟೂವರೆಯ ನೀರಿನಲ್ಲಿ ಔಷಧ ಕಲಸಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದವರೂ ಕಡಿಮೆ ಖರ್ಚಿನಲ್ಲಿ ಇಂಥ ಮೀಟರ್ ಮಾಡಬಹುದು. ತಿಳಿದವರನ್ನು ಜೊತೆಗೆ ಕೂರಿಸಿಕೊಂಡು ಧೈರ್ಯವಾಗಿ ಮಾಡಿ. ಆದರೆ ಮೀಟರ್ ಹೇಳಿದ್ದನ್ನು ನಂಬುವ ಮೊದಲು ಮೀಟರನ್ನೇ ಪರೀಕ್ಷೆ ಮಾಡಿ, ಅದೂ ದಿನಾ, ಅದೂ ಎರಡು ದ್ರಾವಣಗಳಲ್ಲಿ. ಏಳರಲ್ಲಿ ಏಳು ಬಂದರೆ ಸಾಲದು, ನಾಲ್ಕರಲ್ಲಿ ನಾಲ್ಕು ಬರಬೇಕು. ಒಮ್ಮೆ ಬಳಸಿದ ದ್ರಾವಣವನ್ನು ಬಾಟಲಿಗೆ ವಾಪಸ್ಸು ಸುರಿಯಬೇಡಿ. ವಾಯರ್ ಸಿಕ್ಕಿಸುವ ಜಾಗ ಒಣಗಿರಲಿ, ಶುದ್ಧವಿರಲಿ, ಬೆರಳೂ ತಾಗದಿರಲಿ. ಕಡ್ಡಿಯ ತುದಿಯ ಗಾಜಿನ ಬುರುಡೆ ಮಾತ್ರ ಒಣಗಬಾರದು, ಅದರ ಟೋಪಿಯೊಳಗೆ ಕಂಪನಿ ಹೇಳಿದ ದ್ರಾವಣವೇ ಇರಲಿ. ಪೂಜೆ ಮಾಡುವವರು ಮಾಡಿ, ಸಾಕೆಟ್ಟಿಗೆ ಮುಚ್ಚಳ ಹಾಕಿ ಮಾಡಿ. ಯಾವ ಔಷಧಕ್ಕೆ ಎಷ್ಟು ಪಿಎಚ್ ಬೇಕೆಂದು ಪೊಟ್ಟಣದ ಮೇಲೆ ಓದಿ, ತಿಳಿಯದಿದ್ದರೆ ಕೃಷಿ ಅಧಿಕಾರಿಯನ್ನು ಕೇಳಿ. ಹುಳಿ ಹೆಚ್ಚಾದರೂ ಬೆಳೆಗೆ ಕೇಡು, ತಾಮ್ರವಿರುವ ಔಷಧಕ್ಕಂತೂ ಬಹಳ ಎಚ್ಚರ ಬೇಕು.

ನಿಮ್ಮ ಮೀಟರನ್ನು ಯಾರಾದರೂ ಅನುಮಾನದಿಂದ ನೋಡಿದರೆ ಅವರನ್ನು ಕಂಡು ನಗಬೇಡಿ, ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮತ್ತು ನೀವು ಹೇಳಿದ ಅಂಕಿ ತಪ್ಪಾಗಿತ್ತೆಂದು ನಿಮಗೆ ಇವತ್ತು ಗೊತ್ತಾದರೆ, ನೆರೆಯವರು ಡ್ರಮ್ಮಿನಲ್ಲಿ ಔಷಧ ಕಲಸುವ ಮೊದಲೇ ಹೋಗಿ ಹೇಳಿ. ನಾಚಿಕೆಯಾಗುತ್ತದೆ. ಆಗಲಿ. ಹೋಗಿ ಹೇಳಿ.